ಡಿಸ್ಕ್ ಇಲ್ಲದ ಸರ್ವರ್‌ಗೆ ಐಪಿಎಕ್ಸ್‌ಇ: ನೆಟ್‌ವರ್ಕ್ ಸ್ಟೋರೇಜ್‌ನಿಂದ ಬೂಟ್ ಮಾಡಿಸುವ ತಂತ್ರಾಂಶದ ವಿಮರ್ಶೆ

ಸರ್ವರ್‌ನೊಳಗೆ ಒಂದು ಡಿಸ್ಕ್ ಕೂಡ ಇಲ್ಲದೆ, ಆಪರೇಟಿಂಗ್ ಸಿಸ್ಟಮ್ ಸಮೇತ ಎಲ್ಲವನ್ನೂ ನೆಟ್‌ವರ್ಕ್‌ನಾಚೆಯ ಸ್ಟೋರೇಜ್‌ನಿಂದಲೇ ಎತ್ತಿಕೊಳ್ಳಬೇಕು ಎಂದಾಗ ಮೊದಲು ಬಗೆಹರಿಯಬೇಕಾದ ಪ್ರಶ್ನೆ ಒಂದಿದೆ: ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಇನ್ನೂ ಮೆಮೊರಿಗೆ ಬಂದಿರದ ಆ ಹೊತ್ತಿನಲ್ಲಿ ಸ್ಟೋರೇಜ್ ಜೊತೆ ಐಸ್ಕಸಿ (ದೂರದ ಡಿಸ್ಕನ್ನು ನೆಟ್‌ವರ್ಕ್ ಮೂಲಕ ಓದಿ ಬರೆಯುವ) ಪ್ರೋಟೋಕಾಲ್‌ನಲ್ಲಿ ವ್ಯವಹರಿಸುವವರು ಯಾರು? ದುಬಾರಿ ನೆಟ್‌ವರ್ಕ್ ಕಾರ್ಡ್‌ಗಳು ಈ ಕೆಲಸವನ್ನು ತಾವೇ ಮಾಡುತ್ತವೆ. ಕೆಲವು ಸರ್ವರ್‌ಗಳ ಯುಇಎಫ್‌ಐ ಫರ್ಮ್‌ವೇರ್‌ನಲ್ಲಿ, ಅಂದರೆ ಯಂತ್ರವನ್ನು ಮೊದಲು ಎಬ್ಬಿಸುವ ಅದರೊಳಗಿನ ತಂತ್ರಾಂಶದಲ್ಲಿ, ಅದಕ್ಕೊಂದು ಮೆನು ಇರುತ್ತದೆ. ಇವೆರಡೂ ಇಲ್ಲದ, ಅಥವಾ ಇದ್ದೂ ನೆಚ್ಚಿಕೊಳ್ಳಲಾಗದ ಯಂತ್ರಗಳಿಗೆ ಐಪಿಎಕ್ಸ್‌ಇ ಇದೆ. ಲಿನಕ್ಸ್ ಸರ್ವರ್‌ಗಳನ್ನು ಐಸ್ಕಸಿ ಸ್ಟೋರೇಜ್‌ನಿಂದ ಬೂಟ್ ಮಾಡಿಸಲು ಈ ಮುಕ್ತ ತಂತ್ರಾಂಶವನ್ನು ಬಳಸಿದ ಅನುಭವದ ಮೇಲೆ ಬರೆದ ವಿಮರ್ಶೆ ಇದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತನ್ನ ಪಾಲಿನ ಕೆಲಸವನ್ನು, ಅಂದರೆ ವಿದ್ಯುತ್ ಬಂದಾಗಿನಿಂದ ಕರ್ನಲ್‌ಗೆ ಯಂತ್ರವನ್ನು ಒಪ್ಪಿಸುವವರೆಗಿನ ಕೆಲಸವನ್ನು, ಇದರಷ್ಟು ಅಚ್ಚುಕಟ್ಟಾಗಿ ಮಾಡುವ ಇನ್ನೊಂದು ತಂತ್ರಾಂಶವನ್ನು ನಾನು ಕಂಡಿಲ್ಲ. ಆದರೆ ನೆಟ್‌ವರ್ಕ್ ಬೂಟ್‌ನ ನಿಜವಾದ ಇಕ್ಕಟ್ಟುಗಳೆಲ್ಲ ಇರುವುದು ಆ ಹಸ್ತಾಂತರದ ಆಚೆಗೆ. ಐಪಿಎಕ್ಸ್‌ಇ ಬಿಟ್ಟುಹೋಗುವ ಮಾಹಿತಿಯನ್ನು ಆಪರೇಟಿಂಗ್ ಸಿಸ್ಟಮ್ ಸರಿಯಾಗಿ ಓದಿಕೊಳ್ಳುವಂತೆ ನೋಡಿಕೊಳ್ಳುವ ಹೊಣೆ ಪೂರ್ತಿಯಾಗಿ ಸ್ಥಾಪಿಸುವವರದು.

ನೆಟ್‌ವರ್ಕ್ ಬೂಟ್‌ಗೆ ಇಂದಿಗೂ ತಳಹದಿಯಾಗಿರುವುದು ಇಂಟೆಲ್ ಕಂಪನಿ 1999ರಲ್ಲಿ 2.1ನೇ ಆವೃತ್ತಿಯಾಗಿ ಪ್ರಕಟಿಸಿದ ಪಿಎಕ್ಸ್‌ಇ ನಿಯಮಾವಳಿ. ನೆಟ್‌ವರ್ಕ್ ಕಾರ್ಡ್‌ನ ರೋಮ್ ಚಿಪ್‌ನಲ್ಲಿ ಕುಳಿತ ಒಂದು ಪುಟ್ಟ ಪ್ರೋಗ್ರಾಮ್ ಡಿಎಚ್‌ಸಿಪಿ ಮೂಲಕ ವಿಳಾಸ ಪಡೆದು, ಟಿಎಫ್‌ಟಿಪಿ ಮೂಲಕ ಒಂದು ಕಡತವನ್ನು ಇಳಿಸಿಕೊಂಡು, ಅದನ್ನು ಓಡಿಸುತ್ತದೆ; ಅಲ್ಲಿಗೆ ಅದರ ಕೆಲಸ ಮುಗಿಯಿತು. ಐಪಿಎಕ್ಸ್‌ಇ ಅದೇ ಜಾಗದಲ್ಲಿ ನಿಂತು ಹೆಚ್ಚು ಪ್ರೋಟೋಕಾಲ್‌ಗಳನ್ನು ಬಲ್ಲ ತಂತ್ರಾಂಶ. 1995ರಲ್ಲಿ ಆರಂಭವಾದ ಈಥರ್‌ಬೂಟ್ ಯೋಜನೆ ಮುಂದೆ ಜಿಪಿಎಕ್ಸ್‌ಇ ಆಯಿತು, ಅದರಿಂದ 2010ರಲ್ಲಿ ಐಪಿಎಕ್ಸ್‌ಇ ಕವಲೊಡೆಯಿತು. ವೆಬ್‌ನ ಎಚ್‌ಟಿಟಿಪಿಯನ್ನೂ, ಐಸ್ಕಸಿ, ಎಫ್‌ಸಿಓಇ, ಎಓಇ ಎಂಬ ಸ್ಟೋರೇಜ್ ಪ್ರೋಟೋಕಾಲ್‌ಗಳನ್ನೂ ಅದು ಬಲ್ಲದು. ಕೆಮು ವರ್ಚುವಲ್ ಯಂತ್ರಗಳ ನೆಟ್‌ವರ್ಕ್ ಕಾರ್ಡ್‌ಗಳು ಬೂಟ್ ಆಗುವುದು ಇದೇ ತಂತ್ರಾಂಶದಿಂದಾದ್ದರಿಂದ, ಹೆಸರು ತಿಳಿಯದೆಯೂ ಇದನ್ನು ದಿನವೂ ಓಡಿಸುತ್ತಿರುವವರ ಸಂಖ್ಯೆ ದೊಡ್ಡದು.

ಟಿಎಫ್‌ಟಿಪಿಯನ್ನು ಬಿಟ್ಟು ಎಚ್‌ಟಿಟಿಪಿಗೆ ಬರುವುದರ ಲಾಭ ಎಷ್ಟೆಂದು ಲೆಕ್ಕ ಹಾಕಿಯೇ ನೋಡಬಹುದು. 1992ರ ಟಿಎಫ್‌ಟಿಪಿ ನಿಯಮದಂತೆ ಕಡತವು 512 ಬೈಟ್‌ಗಳ ತುಂಡುಗಳಾಗಿ ಬರುತ್ತದೆ, ಮತ್ತು ಒಂದು ತುಂಡಿಗೆ ಸ್ವೀಕೃತಿ ಹೋದ ಮೇಲೆಯೇ ಮುಂದಿನ ತುಂಡು ಹೊರಡುತ್ತದೆ. 40 ಎಂಬಿಯ ಒಂದು ಇನಿಟ್‌ರಾಮ್‌ಎಫ್‌ಎಸ್ (ಆಪರೇಟಿಂಗ್ ಸಿಸ್ಟಮ್ ಇರುವ ರೂಟ್ ಡಿಸ್ಕ್ ಸಿಗುವವರೆಗೆ ಕರ್ನಲ್ ಮೆಮೊರಿಯಲ್ಲಿ ಬಳಸುವ ಪುಟ್ಟ ಕಡತ ವ್ಯವಸ್ಥೆ) ಎಂದರೆ 81,920 ತುಂಡುಗಳು. ಹೋಗಿ ಬರುವ ಸಮಯ ಒಂದೇ ಒಂದು ಮಿಲಿಸೆಕೆಂಡ್ ಎಂದುಕೊಂಡರೂ ಇಳಿಕೆಗೆ 80 ಸೆಕೆಂಡ್ ಮೀರುತ್ತದೆ. ಸಾಲದ್ದಕ್ಕೆ ತುಂಡಿನ ಕ್ರಮಸಂಖ್ಯೆಗೆ ಮೀಸಲಾಗಿರುವುದು 16 ಬಿಟ್ ಮಾತ್ರವಾದ್ದರಿಂದ 65,535 ದಾಟಿದ ಮೇಲೆ ಎಣಿಕೆ ಮರಳಿ ಸುತ್ತಬೇಕು, ಅದನ್ನು ಎಲ್ಲ ಸರ್ವರ್‌ಗಳೂ ಒಂದೇ ರೀತಿ ನಿಭಾಯಿಸುವುದಿಲ್ಲ. ತುಂಡಿನ ಗಾತ್ರವನ್ನು ಹಿಗ್ಗಿಸುವ ಸೌಲಭ್ಯ ಆಮೇಲೆ ಬಂತಾದರೂ ಒಂದೊಂದಾಗಿ ಕಾಯುವ ಕ್ರಮ ಹಾಗೆಯೇ ಉಳಿಯಿತು. ಐಪಿಎಕ್ಸ್‌ಇ ಅದೇ ಕಡತವನ್ನು ಎಚ್‌ಟಿಟಿಪಿಯಲ್ಲಿ ತರುವಾಗ ಗಿಗಾಬಿಟ್ ಜಾಲದಲ್ಲಿ ಕೆಲಸ ಒಂದು ಸೆಕೆಂಡ್ ಆಸುಪಾಸಿನಲ್ಲಿ ಮುಗಿಯುತ್ತದೆ. ಹೀಗಾಗಿ ಟಿಎಫ್‌ಟಿಪಿಗೆ ಐಪಿಎಕ್ಸ್‌ಇಯ ಪುಟ್ಟ ಕಡತವೊಂದನ್ನು ಮಾತ್ರ ಕೊಟ್ಟು, ಉಳಿದದ್ದನ್ನೆಲ್ಲ ಎಚ್‌ಟಿಟಿಪಿ ಅಥವಾ ಐಸ್ಕಸಿಗೆ ವಹಿಸುವುದು ವಾಡಿಕೆಯಾಗಿದೆ, ಅದೇ ಸರಿ ಕೂಡ.

ಐಪಿಎಕ್ಸ್‌ಇಯನ್ನು ಯಂತ್ರಕ್ಕೆ ತಲುಪಿಸುವ ದಾರಿಗಳು ಮೂರು. ಕಾರ್ಡ್‌ನ ರೋಮ್ ಚಿಪ್‌ಗೇ ಅದನ್ನು ಬರೆಯಬಹುದು, ಯುಎಸ್‌ಬಿ ಕಡ್ಡಿಯಲ್ಲಿ ಇಡಬಹುದು, ಇಲ್ಲವೇ ಕಾರ್ಡ್‌ನಲ್ಲಿ ಈಗಾಗಲೇ ಇರುವ ಪಿಎಕ್ಸ್‌ಇಯಿಂದಲೇ ಅದನ್ನು ಇಳಿಸಿಕೊಳ್ಳಬಹುದು. ಚೈನ್‌ಲೋಡಿಂಗ್ ಎಂದು ಕರೆಯುವ ಈ ಮೂರನೆಯ ದಾರಿಯಲ್ಲಿ ಯಂತ್ರವನ್ನು ಬಿಚ್ಚಬೇಕಿಲ್ಲ, ಫರ್ಮ್‌ವೇರ್ ಮುಟ್ಟಬೇಕಿಲ್ಲ; ಬಹುತೇಕರಿಗೆ ಇದೇ ಸಾಕು. ಆದರೆ ಇಲ್ಲಿ ಒಂದು ಸುತ್ತು ಕಾದಿರುತ್ತದೆ: ಇಳಿದ ಐಪಿಎಕ್ಸ್‌ಇ ಮತ್ತೆ ಡಿಎಚ್‌ಸಿಪಿ ಕೇಳುತ್ತದೆ, ಸರ್ವರ್ ಮತ್ತೆ ಅದೇ ಐಪಿಎಕ್ಸ್‌ಇ ಕಡತದ ಹೆಸರನ್ನೇ ಕೊಡುತ್ತದೆ, ಹೀಗೆ ಕೊನೆಯಿಲ್ಲದೆ ನಡೆಯುತ್ತದೆ. ಐಪಿಎಕ್ಸ್‌ಇ ತನ್ನ ಕೋರಿಕೆಯಲ್ಲಿ ತಾನು ಯಾರೆಂಬುದನ್ನು ಯೂಸರ್ ಕ್ಲಾಸ್ ಎಂಬ 77ನೇ ಆಯ್ಕೆಯಲ್ಲಿ ಹೇಳಿಕೊಳ್ಳುವುದರಿಂದ, ಆ ಗುರುತು ಕಂಡಾಗ ಕಡತದ ಬದಲು ಸ್ಕ್ರಿಪ್ಟ್‌ನ ವಿಳಾಸ ಕೊಡುವಂತೆ ಡಿಎಚ್‌ಸಿಪಿ ಸರ್ವರ್‌ಗೆ ಒಂದು ಷರತ್ತು ಬರೆದರೆ ಸುತ್ತು ಕಡಿಯುತ್ತದೆ. ಜೊತೆಗೆ ಯಂತ್ರದ ಬಗೆಯನ್ನು ಹೇಳುವ 93ನೇ ಆಯ್ಕೆಯನ್ನೂ ನೋಡಿ, ಹಳೆಯ ಫರ್ಮ್‌ವೇರ್ ಆದ ಬಯೋಸ್ ಇರುವ ಯಂತ್ರಕ್ಕೆ ಒಂದು ಕಡತ, 64 ಬಿಟ್ ಯುಇಎಫ್‌ಐ ಯಂತ್ರಕ್ಕೆ ಇನ್ನೊಂದು ಎಂದು ವಿಂಗಡಿಸಬೇಕು.

ಕಡತಗಳ ಆಯ್ಕೆಯ ವಿಷಯದಲ್ಲಿ ಒಂದು ಸಲಹೆ. ಐಪಿಎಕ್ಸ್‌ಇಯೊಳಗೆ ಅದರದೇ ನೆಟ್‌ವರ್ಕ್ ಡ್ರೈವರ್‌ಗಳಿರುವ ಪೂರ್ಣ ಕಡತವೂ ಉಂಟು, ಕಾರ್ಡ್‌ನ ಸ್ವಂತ ಫರ್ಮ್‌ವೇರ್ ಡ್ರೈವರ್‌ನ ಮೇಲೆ ಕೂರುವ ಚಿಕ್ಕ ಕಡತವೂ ಉಂಟು. ಎರಡನೆಯದನ್ನು ಬಯೋಸ್‌ನಲ್ಲಿ ಯುಎನ್‌ಡಿಐ-ಓನ್ಲಿ ಎಂದೂ ಯುಇಎಫ್‌ಐಯಲ್ಲಿ ಎಸ್‌ಎನ್‌ಪಿ-ಓನ್ಲಿ ಎಂದೂ ಕರೆಯುತ್ತಾರೆ. ನಾಲ್ಕು ಪೋರ್ಟ್‌ಗಳಿರುವ ಸರ್ವರ್‌ನಲ್ಲಿ ಎಸ್‌ಎನ್‌ಪಿ-ಓನ್ಲಿ ಕಡತವೇ ಮೇಲು, ಏಕೆಂದರೆ ಅದು ತಾನು ಯಾವ ಪೋರ್ಟ್‌ನಿಂದ ಇಳಿದು ಬಂದಿತೋ ಅದೊಂದನ್ನೇ ಬಳಸುತ್ತದೆ. ಕೇಬಲ್ ಇಲ್ಲದ ಪೋರ್ಟ್‌ಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಸಮಯ ಕಳೆಯುವ ಪ್ರಸಂಗ ಬರುವುದಿಲ್ಲ.

ಈ ತಂತ್ರಾಂಶದ ದೊಡ್ಡ ಶಕ್ತಿ ಇರುವುದು ಅದರ ಸ್ಕ್ರಿಪ್ಟ್ ಭಾಷೆಯಲ್ಲಿ. ವೇರಿಯಬಲ್‌ಗಳು, ಷರತ್ತುಗಳು, ಗೋಟು, ಮೆನು ಇಷ್ಟನ್ನೇ ಬಲ್ಲ ಆ ಸಣ್ಣ ಭಾಷೆಯಲ್ಲಿ, ಯಂತ್ರದ ಮ್ಯಾಕ್ ವಿಳಾಸ, ಸೀರಿಯಲ್ ಸಂಖ್ಯೆ, ಯುಯುಐಡಿ ಮುಂತಾದವು ವೇರಿಯಬಲ್‌ಗಳಾಗಿ ಸಿದ್ಧವಾಗಿ ಸಿಗುತ್ತವೆ. ಹಾಗಾಗಿ ಎಲ್ಲ ಸರ್ವರ್‌ಗಳಿಗೂ ಒಂದೇ ಸ್ಕ್ರಿಪ್ಟ್ ಇಟ್ಟು, ಪ್ರತಿಯೊಂದೂ ತನ್ನ ಮ್ಯಾಕ್ ವಿಳಾಸದ ಹೆಸರಿನ ಎರಡನೇ ಸ್ಕ್ರಿಪ್ಟ್ ಒಂದನ್ನು ವೆಬ್ ಸರ್ವರ್‌ನಿಂದ ಕೇಳುವಂತೆ ಮಾಡಬಹುದು. ಆ ಎರಡನೇ ಸ್ಕ್ರಿಪ್ಟ್ ಕಡತವಾಗಿರಬೇಕೆಂದೂ ಇಲ್ಲ, ವೆಬ್ ಸರ್ವರ್ ಅದನ್ನು ಆ ಕ್ಷಣಕ್ಕೆ ಹುಟ್ಟಿಸಿ ಕೊಟ್ಟರೂ ಐಪಿಎಕ್ಸ್‌ಇಗೆ ವ್ಯತ್ಯಾಸ ತಿಳಿಯದು. ಯಾವ ಯಂತ್ರ ಯಾವ ಡಿಸ್ಕ್‌ನಿಂದ ಬೂಟ್ ಆಗಬೇಕೆಂಬ ನಿರ್ಧಾರ ಹೀಗೆ ಯಂತ್ರಗಳ ಫರ್ಮ್‌ವೇರ್ ಮೆನುಗಳಿಂದ ಹೊರಬಂದು ಒಂದೇ ಕಡೆ ನೆಲೆಸುತ್ತದೆ. ಕೆಟ್ಟ ಸರ್ವರ್‌ನ ಜಾಗಕ್ಕೆ ಇನ್ನೊಂದನ್ನು ತಂದಿಟ್ಟಾಗ ಮಾಡಬೇಕಾದದ್ದು ಹೊಸ ಮ್ಯಾಕ್ ವಿಳಾಸವನ್ನು ಡಿಎಚ್‌ಸಿಪಿಯಲ್ಲೂ ಸ್ಕ್ರಿಪ್ಟ್‌ನ ಹೆಸರಲ್ಲೂ ಬದಲಿಸುವುದಷ್ಟೇ. ಐಸ್ಕಸಿ ಬೂಟ್‌ಗೆ ಇಷ್ಟೆಲ್ಲ ಪಾಡು ಪಡುವುದೇ ಈ ಒಂದು ಅನುಕೂಲಕ್ಕಾಗಿ ಎಂದರೆ ತಪ್ಪಿಲ್ಲ.

ಬೂಟ್ ಮಾಡಿಸುವ ಆದೇಶದ ಹೆಸರು ಸ್ಯಾನ್‌ಬೂಟ್. ಅದಕ್ಕೆ ಕೊಡುವ ವಿಳಾಸದಲ್ಲಿ ಸ್ಟೋರೇಜ್‌ನ ಐಪಿ, ಪ್ರೋಟೋಕಾಲ್, ಪೋರ್ಟ್, ಲನ್ (ಸ್ಟೋರೇಜ್‌ನೊಳಗಿನ ಡಿಸ್ಕ್) ಸಂಖ್ಯೆ, ಟಾರ್ಗೆಟ್‌ನ (ಡಿಸ್ಕ್ ಒದಗಿಸುವ ಬದಿಯ) ಹೆಸರು ಇವು ಕೋಲನ್ ಚಿಹ್ನೆಗಳ ನಡುವೆ ಬರುತ್ತವೆ. ನಡುವಿನ ಮೂರನ್ನು ಖಾಲಿ ಬಿಟ್ಟರೆ ಟಿಸಿಪಿ, 3260ನೇ ಪೋರ್ಟ್, ಲನ್ ಸೊನ್ನೆ ಎಂದೇ ಅರ್ಥ. ಹಾಗೆ ಖಾಲಿ ಬಿಟ್ಟಾಗ ನಾಲ್ಕು ಕೋಲನ್‌ಗಳು ಒಟ್ಟಿಗೆ ಸಾಲಾಗಿ ನಿಲ್ಲುತ್ತವೆ. ಮೂರು ಬರೆದರೂ ಐದು ಬರೆದರೂ ವಿಳಾಸ ತಪ್ಪುತ್ತದೆ. ಇದು ಐಪಿಎಕ್ಸ್‌ಇ ಕಟ್ಟಿಕೊಂಡ ವಿಚಿತ್ರ ಪದ್ಧತಿಯಲ್ಲ, 2005ರ ಆರ್‌ಎಫ್‌ಸಿ 4173 ಎಂಬ ಇಂಟರ್‌ನೆಟ್ ನಿಯಮ ವಿಧಿಸಿದ ರೂಪ. ಆದ್ದರಿಂದ ಇದೇ ಸಾಲನ್ನು ಡಿಎಚ್‌ಸಿಪಿಯ 17ನೇ ಆಯ್ಕೆಯಲ್ಲಿ ಇಟ್ಟರೆ ಸ್ಕ್ರಿಪ್ಟ್ ಇಲ್ಲದೆಯೂ ಕೆಲಸ ನಡೆಯುತ್ತದೆ. ಒಂದಕ್ಕಿಂತ ಹೆಚ್ಚು ವಿಳಾಸಗಳನ್ನು ಸ್ಯಾನ್‌ಬೂಟ್‌ಗೆ ಒಟ್ಟಿಗೆ ಕೊಡಬಹುದೆಂಬುದು ಎರಡು ದಾರಿಗಳ ಸ್ಟೋರೇಜ್ ಇರುವವರಿಗೆ ಮುಖ್ಯ: ಒಂದು ದಾರಿ ಸತ್ತಿದ್ದರೂ ಇನ್ನೊಂದರಿಂದ ಬೂಟ್ ಸಾಗುತ್ತದೆ.

ಈ ಹಂತದಲ್ಲಿ ಗಮನ ಬೇಡುವ ಸಂಗತಿ ಇನಿಶಿಯೇಟರ್‌ನ, ಅಂದರೆ ಡಿಸ್ಕ್ ಕೇಳುವ ಗ್ರಾಹಕನ, ಹೆಸರು. ಪ್ರತಿ ಐಸ್ಕಸಿ ಗ್ರಾಹಕನಿಗೂ ಐಕ್ಯೂಎನ್ ಎಂಬ ಒಂದು ಹೆಸರಿರುತ್ತದೆ, ಟಾರ್ಗೆಟ್ ತನ್ನ ಪ್ರವೇಶ ಪಟ್ಟಿಯಲ್ಲಿ ನೋಡುವುದು ಇದನ್ನೇ. ನಾವು ಏನನ್ನೂ ಹೇಳದಿದ್ದರೆ ಐಪಿಎಕ್ಸ್‌ಇ 2010-04 ಎಂಬ ತಿಂಗಳಿನಿಂದ ಆರಂಭವಾಗುವ ತನ್ನ ಡೊಮೇನ್‌ನ ಹೆಸರಿಗೆ ಯಂತ್ರದ ಹೋಸ್ಟ್‌ನೇಮ್ ಸೇರಿಸಿ, ಅದು ಇಲ್ಲದಿದ್ದರೆ ಯುಯುಐಡಿ ಸೇರಿಸಿ, ಒಂದು ಐಕ್ಯೂಎನ್ ತಾನೇ ಕಟ್ಟಿಕೊಳ್ಳುತ್ತದೆ. ಅತ್ತ ಲಿನಕ್ಸ್‌ನ ಓಪನ್-ಐಸ್ಕಸಿ ಪ್ಯಾಕೇಜ್ ಸ್ಥಾಪನೆಯಾಗುವಾಗ ಇನ್ನೊಂದು ಹೆಸರನ್ನು ಹುಟ್ಟಿಸಿ ತನ್ನ ಕಡತದಲ್ಲಿ ಇಟ್ಟುಕೊಳ್ಳುತ್ತದೆ. ಪ್ರವೇಶ ಪಟ್ಟಿಯಲ್ಲಿ ಒಂದೇ ಹೆಸರಿದ್ದರೆ ಫಲಿತಾಂಶ ಹೀಗಿರುತ್ತದೆ: ಕರ್ನಲನ್ನು ಎತ್ತಿಕೊಡುವ ಬೂಟ್‌ಲೋಡರ್ ಆದ ಗ್ರಬ್ ಬರುತ್ತದೆ, ಕರ್ನಲ್ ಓಡತೊಡಗುತ್ತದೆ, ಆಮೇಲೆ ಇನಿಟ್‌ರಾಮ್‌ಎಫ್‌ಎಸ್ ಲಾಗಿನ್ ಆಗಲು ಹೋದಾಗ ಟಾರ್ಗೆಟ್ ನಿರಾಕರಿಸುತ್ತದೆ. ಈಗಷ್ಟೇ ಅದೇ ಡಿಸ್ಕ್‌ನಿಂದ ಕರ್ನಲ್ ಓದಲಾಗಿದ್ದರೂ ರೂಟ್ ಡಿಸ್ಕ್ ಸಿಗಲಿಲ್ಲ ಎಂಬ ಸಂದೇಶ ಕಾಣುವುದು ಹೊಸಬರನ್ನು ಕಂಗೆಡಿಸುತ್ತದೆ. ಸ್ಕ್ರಿಪ್ಟ್‌ನಲ್ಲಿ ಇನಿಶಿಯೇಟರ್ ಹೆಸರನ್ನು ಸ್ಪಷ್ಟವಾಗಿ ಬರೆದು, ಅದೇ ಹೆಸರನ್ನು ಲಿನಕ್ಸ್‌ನ ಕಡತದಲ್ಲೂ ಇಡುವುದು ಮೊದಲ ದಿನವೇ ಆಗಬೇಕಾದ ಕೆಲಸ.

ಟಾರ್ಗೆಟ್ ಬದಿಯ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. 2011ರಲ್ಲಿ 2.6.38ನೇ ಕರ್ನಲ್‌ನೊಂದಿಗೆ ಲಿನಕ್ಸ್‌ನ ಭಾಗವಾದ ಎಲ್‌ಐಓ ಎಂಬ ಟಾರ್ಗೆಟ್ ತಂತ್ರಾಂಶ ಸಾಕಷ್ಟು ಗಟ್ಟಿಯಾಗಿದೆ, ಅದರ ಟಾರ್ಗೆಟ್‌ಸಿಎಲ್‌ಐ ಆದೇಶ ಕಲಿಯಲು ಒಂದು ಮಧ್ಯಾಹ್ನ ಸಾಕು. ಅದರ ಹಿಂದೆ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಝಡ್‌ವಾಲ್‌ಗಳನ್ನು (ಡಿಸ್ಕ್‌ನಂತೆ ಕಾಣುವ ಭಾಗಗಳನ್ನು) ಇಟ್ಟರೆ, ಒಂದು ಮಾದರಿ ಡಿಸ್ಕ್‌ನ ಸ್ನ್ಯಾಪ್‌ಶಾಟ್‌ನಿಂದ ಹತ್ತಾರು ಸರ್ವರ್‌ಗಳ ಡಿಸ್ಕ್‌ಗಳನ್ನು ಜಾಗ ನುಂಗದಂತೆ ಕ್ಷಣದಲ್ಲಿ ತೆಗೆಯಬಹುದು, ಕೆಟ್ಟ ಅಪ್‌ಡೇಟ್ ಆದ ಸರ್ವರನ್ನು ಹಿಂದಿನ ಸ್ಥಿತಿಗೆ ತಿರುಗಿಸಬಹುದು.

ಡಿಸ್ಕ್‌ಗೆ ಆಪರೇಟಿಂಗ್ ಸಿಸ್ಟಮ್ ಹಾಕುವಾಗ ಸ್ಯಾನ್‌ಹುಕ್ ಎಂಬ ಇನ್ನೊಂದು ಆದೇಶ ನೆರವಿಗೆ ಬರುತ್ತದೆ. ಅದು ಐಸ್ಕಸಿ ಡಿಸ್ಕನ್ನು ಜೋಡಿಸುತ್ತದೆ, ಆದರೆ ಅದರಿಂದ ಬೂಟ್ ಮಾಡುವುದಿಲ್ಲ. ಆಮೇಲೆ ಇನ್‌ಸ್ಟಾಲರ್‌ನ ಕರ್ನಲನ್ನು ಎಚ್‌ಟಿಟಿಪಿಯಿಂದ ತಂದು ಓಡಿಸಬಹುದು. ಇನ್‌ಸ್ಟಾಲರ್ ಮುಗಿದ ಮೇಲೆ ಯುಇಎಫ್‌ಐ ಯಂತ್ರಗಳಲ್ಲಿ ಒಂದು ತೊಡಕು ಎದುರಾಗುತ್ತದೆ, ಅದನ್ನು ಬಿಡಿಸಿ ಹೇಳಬೇಕು. ಸಾಮಾನ್ಯ ಸ್ಥಾಪನೆಯಲ್ಲಿ ಇನ್‌ಸ್ಟಾಲರ್ ತನ್ನ ಬೂಟ್‌ಲೋಡರನ್ನು ವಿತರಣೆಯ ಹೆಸರಿನ ಫೋಲ್ಡರ್‌ನಲ್ಲಿ ಇಟ್ಟು, ಅದರ ದಾರಿಯನ್ನು ಆ ಯಂತ್ರದ ಫರ್ಮ್‌ವೇರ್ ನೆನಪಿನಲ್ಲಿ ದಾಖಲಿಸುತ್ತದೆ. ಐಪಿಎಕ್ಸ್‌ಇ ಆ ದಾಖಲೆಯನ್ನು ನೋಡುವುದಿಲ್ಲ. ತೆಗೆದು ಹಾಕುವ ಮಾಧ್ಯಮಗಳಿಗೆಂದು ಯುಇಎಫ್‌ಐ ನಿಗದಿ ಮಾಡಿದ, ಬೂಟ್‌ಎಕ್ಸ್64 ಹೆಸರಿನ ಕಡತವನ್ನೇ ಅದು ಡಿಸ್ಕ್‌ನಲ್ಲಿ ಹುಡುಕುತ್ತದೆ. ಗ್ರಬ್ ಸ್ಥಾಪಿಸುವಾಗ ರಿಮೂವಬಲ್ ಆಯ್ಕೆ ಕೊಟ್ಟರೆ ಆ ಜಾಗದಲ್ಲೂ ಒಂದು ಪ್ರತಿ ಕೂರುತ್ತದೆ. ಅದಾಗದಿದ್ದರೆ ಸ್ಯಾನ್‌ಬೂಟ್‌ಗೇ ಬೇಕಾದ ಕಡತದ ದಾರಿಯನ್ನು ಹೇಳಬಹುದು. ನಾನು ಮೊದಲನೆಯದನ್ನೇ ಮೆಚ್ಚುತ್ತೇನೆ, ಏಕೆಂದರೆ ಡಿಸ್ಕನ್ನು ಇನ್ನಾವುದೇ ಯಂತ್ರಕ್ಕೆ ಜೋಡಿಸಿದರೂ ಅದು ತನ್ನಷ್ಟಕ್ಕೆ ಬೂಟ್ ಆಗುವಂತಿರಬೇಕು.

ಈಗ ಹಸ್ತಾಂತರದ ವಿಷಯಕ್ಕೆ ಬರೋಣ. ಗ್ರಬ್ ಕರ್ನಲನ್ನೂ ಇನಿಟ್‌ರಾಮ್‌ಎಫ್‌ಎಸ್ ಅನ್ನೂ ಓದುವವರೆಗೆ ಪ್ರತಿಯೊಂದು ಡಿಸ್ಕ್ ಓದೂ ಐಪಿಎಕ್ಸ್‌ಇಯ ಮೂಲಕ ಹಾದುಹೋಗುತ್ತದೆ. ಕರ್ನಲ್ ಅಧಿಕಾರ ವಹಿಸಿಕೊಂಡ ಕ್ಷಣದಿಂದ ಆ ಸಂಪರ್ಕ ಅದಕ್ಕೆ ಕಾಣುವುದಿಲ್ಲ. ಅದು ತನ್ನದೇ ಡ್ರೈವರ್‌ನಿಂದ ಕಾರ್ಡನ್ನು ಎಬ್ಬಿಸಿ, ವಿಳಾಸ ಪಡೆದು, ಟಾರ್ಗೆಟ್‌ಗೆ ಎರಡನೇ ಬಾರಿ ಲಾಗಿನ್ ಆಗಬೇಕು. ಯಾವ ಟಾರ್ಗೆಟ್, ಯಾವ ಹೆಸರು, ಯಾವ ಪಾಸ್‌ವರ್ಡ್ ಎಂಬುದೆಲ್ಲ ಅದಕ್ಕೆ ತಿಳಿಯುವುದು ಐಪಿಎಕ್ಸ್‌ಇ ಮೆಮೊರಿಯಲ್ಲಿ ಬಿಟ್ಟುಹೋಗುವ ಐಬಿಎಫ್‌ಟಿ ಎಂಬ ಕೋಷ್ಟಕದಿಂದ. ಯಂತ್ರದ ವಿವರವನ್ನು ಆಪರೇಟಿಂಗ್ ಸಿಸ್ಟಮ್‌ಗೆ ತಿಳಿಸುವ ಎಸಿಪಿಐ ಕೋಷ್ಟಕಗಳ ಸಾಲಿಗೆ ಸೇರಿದ ಇದನ್ನು ಲಿನಕ್ಸ್‌ನ ಒಂದು ಮಾಡ್ಯೂಲ್ ಓದಿ, ಸಿಸ್‌ಎಫ್‌ಎಸ್‌ನ ಫರ್ಮ್‌ವೇರ್ ವಿಭಾಗದಲ್ಲಿ ಇನಿಶಿಯೇಟರ್, ಟಾರ್ಗೆಟ್, ಈಥರ್ನೆಟ್ ಎಂಬ ಫೋಲ್ಡರ್‌ಗಳಾಗಿ ತೋರಿಸುತ್ತದೆ. ಬೂಟ್ ನಿಂತುಹೋದಾಗ ಇನಿಟ್‌ರಾಮ್‌ಎಫ್‌ಎಸ್‌ನ ತುರ್ತು ಶೆಲ್‌ನಲ್ಲಿ ನಾನು ಮೊದಲು ನೋಡುವುದು ಈ ಫೋಲ್ಡರ್‌ಗಳನ್ನೇ. ಅವು ಇದ್ದು, ಒಳಗಿನ ಹೆಸರುಗಳೂ ಸರಿಯಿದ್ದರೆ ಐಪಿಎಕ್ಸ್‌ಇ ತನ್ನ ಕೆಲಸ ಮಾಡಿದೆ ಎಂದರ್ಥ, ದೋಷವನ್ನು ಮುಂದೆ ಹುಡುಕಬೇಕು. ಅವೇ ಇಲ್ಲದಿದ್ದರೆ ಮಾಡ್ಯೂಲ್ ಒಳಗಿಲ್ಲ, ಇಲ್ಲವೇ ಕೋಷ್ಟಕವೇ ಹುಟ್ಟಿಲ್ಲ.

ಇನಿಟ್‌ರಾಮ್‌ಎಫ್‌ಎಸ್ ಕಟ್ಟಲು ಡ್ರಾಕಟ್ ಉಪಕರಣ ಬಳಸುವ ಲಿನಕ್ಸ್ ವಿತರಣೆಗಳಲ್ಲಿ ಫರ್ಮ್‌ವೇರ್‌ನ ಐಸ್ಕಸಿ ಮಾಹಿತಿ ಬಳಸು ಎಂಬ ಒಂದು ಕರ್ನಲ್ ಆಯ್ಕೆ, ವಿಳಾಸವನ್ನು ಐಬಿಎಫ್‌ಟಿಯಿಂದ ತೆಗೆದುಕೋ ಎಂಬ ಇನ್ನೊಂದು ಆಯ್ಕೆ ಕೊಟ್ಟರೆ ಸಾಕಾಗುತ್ತದೆ. ಡೆಬಿಯನ್ ಮಾದರಿಯಲ್ಲಿ ಓಪನ್-ಐಸ್ಕಸಿಯ ಇನಿಟ್‌ರಾಮ್‌ಎಫ್‌ಎಸ್ ಕಡತವೊಂದನ್ನು ಸೃಷ್ಟಿಸಿ, ಇನಿಟ್‌ರಾಮ್‌ಎಫ್‌ಎಸ್ ಅನ್ನು ಮತ್ತೆ ಕಟ್ಟಬೇಕು. ಯಾವುದೇ ಆದರೂ ಕಾರ್ಡ್‌ನ ಡ್ರೈವರ್ ಒಳಗಿದೆಯೇ ಎಂದು ಪಟ್ಟಿ ತೆಗೆದು ನೋಡುವುದು ಒಳ್ಳೆಯದು. ಈಗಿನ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳನ್ನಷ್ಟೇ ಸೇರಿಸುವ ಸಂಯೋಜನೆಯಿಂದ ಕಟ್ಟಿದ ಇನಿಟ್‌ರಾಮ್‌ಎಫ್‌ಎಸ್, ಬೇರೆ ಕಾರ್ಡ್ ಇರುವ ಬದಲಿ ಸರ್ವರ್‌ನಲ್ಲಿ ಕೈಕೊಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪ್ರಸಂಗವಿದೆ. ಬೂಟ್ ಪೂರ್ತಿಯಾಗಿ ನಡೆದು, ಲಾಗಿನ್ ಪರದೆ ಬರುವ ಹೊತ್ತಿಗೆ ಇಡೀ ಯಂತ್ರ ಸ್ತಬ್ಧವಾಗುತ್ತದೆ. ಕಾರಣ ಡಿಎಚ್‌ಸಿಪಿ. ಐಪಿಎಕ್ಸ್‌ಇ ಮತ್ತು ಇನಿಟ್‌ರಾಮ್‌ಎಫ್‌ಎಸ್ ಒಂದು ಗುರುತಿನಿಂದ ವಿಳಾಸ ಕೇಳಿರುತ್ತವೆ. ಆಮೇಲೆ ಏಳುವ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಎಂಬ ನೆಟ್‌ವರ್ಕ್ ನಿರ್ವಾಹಕ ಮೂಲ ಸಂಯೋಜನೆಯಲ್ಲಿ ಮ್ಯಾಕ್ ವಿಳಾಸದ ಬದಲು ಡಿಯುಐಡಿ ಎಂಬ ಬೇರೆ ಗುರುತನ್ನು ಕೊಡುತ್ತದೆ. ಡಿಎಚ್‌ಸಿಪಿ ಸರ್ವರ್ ಇದನ್ನು ಹೊಸ ಗ್ರಾಹಕನೆಂದು ಬಗೆದು ಬೇರೆ ವಿಳಾಸ ನೀಡುತ್ತದೆ, ಹಳೆಯ ವಿಳಾಸ ಪೋರ್ಟ್‌ನಿಂದ ತೆಗೆಯಲ್ಪಡುತ್ತದೆ, ಅದರ ಮೇಲೆ ನಿಂತಿದ್ದ ಐಸ್ಕಸಿ ಸಂಪರ್ಕದೊಂದಿಗೆ ರೂಟ್ ಡಿಸ್ಕ್ ಕೂಡ ಹೋಗುತ್ತದೆ. ಮ್ಯಾಕ್ ವಿಳಾಸಕ್ಕೆ ಖಾಯಂ ವಿಳಾಸ ಕಾಯ್ದಿರಿಸುವುದು, ನೆಟ್‌ವರ್ಕ್‌ಡಿಗೆ ಮ್ಯಾಕ್ ವಿಳಾಸವನ್ನೇ ಗುರುತಾಗಿ ಬಳಸಲು ಹೇಳುವುದು, ಎಲ್ಲಕ್ಕಿಂತ ಮುಖ್ಯವಾಗಿ ಸ್ಟೋರೇಜ್ ಪೋರ್ಟನ್ನು ಯಾವ ನೆಟ್‌ವರ್ಕ್ ನಿರ್ವಾಹಕವೂ ಮುಟ್ಟದಂತೆ ಮಾಡುವುದು, ಈ ಮೂರನ್ನೂ ಒಟ್ಟಿಗೆ ಮಾಡಿದರೆ ಈ ಕಾಟ ತೀರುತ್ತದೆ. ಇದರಲ್ಲಿ ಐಪಿಎಕ್ಸ್‌ಇಯ ತಪ್ಪು ಏನೂ ಇಲ್ಲ. ಆದರೂ ಇಂಥ ದೋಷವನ್ನು ಮೊದಲು ಅದರ ತಲೆಗೇ ಕಟ್ಟುವುದನ್ನು ಕಂಡಿದ್ದೇನೆ, ಅದಕ್ಕಾಗಿ ಇಷ್ಟು ವಿವರ.

ಸಮಯ ಮಿತಿಗಳೂ ಇದೇ ಗುಂಪಿಗೆ ಸೇರಿದವು. ಸಂಪರ್ಕ ಕಡಿದಾಗ ಓಪನ್-ಐಸ್ಕಸಿ ಮೂಲ ಸಂಯೋಜನೆಯಲ್ಲಿ 120 ಸೆಕೆಂಡ್ ಕಾದು, ಆಮೇಲೆ ದೋಷವನ್ನು ಫೈಲ್ ಸಿಸ್ಟಮ್‌ಗೆ ದಾಟಿಸುತ್ತದೆ. ಹೆಚ್ಚುವರಿ ಡಿಸ್ಕ್‌ಗೆ ಇದು ಸರಿ. ರೂಟ್ ಡಿಸ್ಕ್‌ಗೆ ಮಾತ್ರ ಇದರ ಅರ್ಥ, ಸ್ವಿಚ್ ಅಥವಾ ಸ್ಟೋರೇಜ್ ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಮರಳದಿದ್ದರೆ ಸರ್ವರ್‌ನ ಫೈಲ್ ಸಿಸ್ಟಮ್ ಓದಲು ಮಾತ್ರ ಎಂಬ ಸ್ಥಿತಿಗೆ ಬೀಳುತ್ತದೆ, ಮತ್ತೆ ಬೂಟ್ ಮಾಡದೆ ಚೇತರಿಸಿಕೊಳ್ಳುವುದಿಲ್ಲ. ರೂಟ್ ಡಿಸ್ಕ್ ಐಸ್ಕಸಿಯಲ್ಲಿದ್ದಾಗ ಈ ಮಿತಿಯನ್ನು 86,400 ಸೆಕೆಂಡ್, ಅಂದರೆ ಒಂದು ಇಡೀ ದಿನಕ್ಕೆ ಏರಿಸಿ, ಸಂಪರ್ಕ ಜೀವಂತವಿದೆಯೇ ಎಂದು ಆಗಾಗ ತಟ್ಟಿನೋಡುವ ನೂಪ್ ಸಂದೇಶಗಳನ್ನು ನಿಲ್ಲಿಸಬೇಕೆಂದು ಓಪನ್-ಐಸ್ಕಸಿಯ ದಾಖಲೆಯೇ ಸಲಹೆ ಮಾಡುತ್ತದೆ. ಮಲ್ಟಿಪಾತ್, ಅಂದರೆ ಸ್ಟೋರೇಜ್‌ಗೆ ಒಂದಕ್ಕಿಂತ ಹೆಚ್ಚು ದಾರಿ, ಇರುವಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ, ಅಲ್ಲಿ ಸಂಪರ್ಕ ಬೇಗ ಸೋತು ಇನ್ನೊಂದು ದಾರಿಗೆ ಎಡೆ ಮಾಡಿಕೊಡಬೇಕು. ಕಡತದಲ್ಲಿ ಸಂಖ್ಯೆ ಬದಲಿಸಿದ ಮಾತ್ರಕ್ಕೆ ನಿಶ್ಚಿಂತರಾಗಬಾರದು. ರೂಟ್ ಡಿಸ್ಕ್‌ನ ಸೆಷನ್ ತೆರೆದದ್ದು ಇನಿಟ್‌ರಾಮ್‌ಎಫ್‌ಎಸ್ ಆದ್ದರಿಂದ, ಓಡುತ್ತಿರುವ ಸೆಷನ್‌ನಲ್ಲಿ ನಿಜವಾಗಿ ಯಾವ ಮಿತಿ ಇದೆ ಎಂದು ಐಸ್ಕಸಿಆಡ್ಮ್ ಆದೇಶದಿಂದ ಕೇಳಿ ನೋಡಬೇಕು. ಐಸ್ಕಸಿಡಿ ಎಂಬ ಹಿನ್ನೆಲೆ ಪ್ರೋಗ್ರಾಮ್ ತನ್ನನ್ನು ತಾನೇ ಮೆಮೊರಿಯಲ್ಲಿ ಬಿಗಿದುಕೊಳ್ಳುವುದೂ ಇದೇ ಕಾರಣಕ್ಕೆ: ಡಿಸ್ಕ್ ಮಾಯವಾದಾಗ ಅದನ್ನು ಮರಳಿ ತರಬೇಕಾದ ಪ್ರೋಗ್ರಾಮ್ ಆ ಡಿಸ್ಕ್‌ನಿಂದಲೇ ಓದಿಸಿಕೊಳ್ಳುವಂತಿರಬಾರದು. ಸ್ವಾಪ್ ಜಾಗವನ್ನು ಐಸ್ಕಸಿ ಮೇಲೆ ಇಡದಿರುವುದೂ ಇದೇ ವಿವೇಕ, ಏಕೆಂದರೆ ಮೆಮೊರಿ ತೀರಿದಾಗ ಸ್ವಾಪ್‌ಗೆ ಬರೆಯಲು ನೆಟ್‌ವರ್ಕ್ ಬಫರ್ ಬೇಕು, ಬಫರ್‌ಗೆ ಮೆಮೊರಿ ಬೇಕು.

ಮತ್ತೆ ಐಪಿಎಕ್ಸ್‌ಇಗೆ ಬಂದರೆ, ಅದರ ದೋಷ ಸಂದೇಶಗಳು ನನಗೆ ಬಹಳ ಹಿಡಿಸಿದ ಗುಣ. ಪ್ರತಿ ವೈಫಲ್ಯಕ್ಕೂ ಎಂಟು ಅಂಕಿಗಳ ಒಂದು ಹೆಕ್ಸ್ ಸಂಕೇತ ಇದೆ, ಆ ಸಂಕೇತವೇ ಯೋಜನೆಯ ಜಾಲತಾಣದ ಒಂದು ಪುಟದ ವಿಳಾಸವಾಗಿ ಪರದೆಯ ಮೇಲೆ ಮೂಡುತ್ತದೆ. ಆ ಪುಟ ತೆರೆದರೆ ದೋಷದ ಅರ್ಥ, ಸಂಭವನೀಯ ಕಾರಣ, ಸೋರ್ಸ್‌ನಲ್ಲಿ ಅದು ಹುಟ್ಟುವ ಕಡತ ಎಲ್ಲವೂ ಸಿಗುತ್ತವೆ. ಸಂಪರ್ಕ ಆಗಲಿಲ್ಲವೋ, ಸಂಪರ್ಕವಾಗಿ ಲಾಗಿನ್ ನಿರಾಕರಣೆಯಾಯಿತೋ, ಲಾಗಿನ್ ಆಗಿ ಲನ್ ಸಿಗಲಿಲ್ಲವೋ ಎಂಬ ಭೇದ ಮೊದಲ ನೋಟಕ್ಕೇ ತಿಳಿಯುತ್ತದೆ. ಹೋಲಿಕೆಗೆ, ನಾನು ಬಳಸಿದ ಒಂದು ಸರ್ವರ್‌ನ ಸ್ವಂತ ಐಸ್ಕಸಿ ಮೆನು ಈ ಮೂರಕ್ಕೂ ಒಂದೇ ಸಾಲಿನ ಉತ್ತರ ಕೊಡುತ್ತಿತ್ತು: ಬೂಟ್ ಸಾಧನ ಸಿಗಲಿಲ್ಲ. ಅಷ್ಟೇ ಅಲ್ಲ, ಬೂಟ್ ಆಗುವ ಸಮಯದಲ್ಲಿ ಕಂಟ್ರೋಲ್ ಮತ್ತು ಬಿ ಒತ್ತಿ ಐಪಿಎಕ್ಸ್‌ಇಯ ಆದೇಶ ಸಾಲಿಗೆ ಇಳಿದು, ವಿಳಾಸ ಪಡೆಯುವುದು, ಪಿಂಗ್ ಮಾಡುವುದು, ಡಿಸ್ಕ್ ಜೋಡಿಸುವುದು, ಹೀಗೆ ಒಂದೊಂದೇ ಹೆಜ್ಜೆಯನ್ನು ಕೈಯಾರೆ ಇಟ್ಟು ನೋಡಬಹುದು.

ನೆಟ್‌ವರ್ಕ್‌ನ ಎರಡು ಸಂಗತಿಗಳನ್ನು ಹೇಳಲೇಬೇಕು. ಜಾಲದಲ್ಲಿ ಪ್ಯಾಕೆಟ್‌ಗಳು ಸುತ್ತದಂತೆ ತಡೆಯುವ ಹಳೆಯ ಸ್ಪ್ಯಾನಿಂಗ್ ಟ್ರೀ ನಿಯಮದಂತೆ ಕೇಬಲ್ ಜೀವ ತಳೆದ ಮೇಲೆ ಸ್ವಿಚ್ ಪೋರ್ಟ್ ಕೇಳುವುದಕ್ಕೆ 15 ಸೆಕೆಂಡ್, ಕಲಿಯುವುದಕ್ಕೆ 15 ಸೆಕೆಂಡ್ ತೆಗೆದುಕೊಂಡು ಅನಂತರವಷ್ಟೇ ಪ್ಯಾಕೆಟ್ ದಾಟಿಸುತ್ತದೆ. ಅಷ್ಟರೊಳಗೆ ಕಾರ್ಡ್‌ನ ಪಿಎಕ್ಸ್‌ಇ ಕೈಚೆಲ್ಲಿರಬಹುದು. ಸರ್ವರ್‌ಗಳಿರುವ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್‌ಗಳೆಂದು ಗುರುತಿಸಿದರೆ ಕಾಯುವಿಕೆ ಇಲ್ಲವಾಗುತ್ತದೆ. ಎರಡನೆಯದು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ಸರ್ವರ್‌ನ ಲಿನಕ್ಸ್‌ನಲ್ಲೂ ಸ್ಟೋರೇಜ್‌ನಲ್ಲೂ 9000 ಇಟ್ಟು ನಡುವಿನ ಸ್ವಿಚ್‌ನಲ್ಲಿ 1500 ಉಳಿದಿದ್ದರೆ, ಐಪಿಎಕ್ಸ್‌ಇ ತಾನಿರುವಷ್ಟು ಹೊತ್ತು ಚಿಕ್ಕ ಪ್ಯಾಕೆಟ್‌ಗಳಲ್ಲಿ ಸಲೀಸಾಗಿ ಓದುತ್ತದೆ, ಲಿನಕ್ಸ್ ಎಂಟಿಯು ಏರಿಸಿದ ಮೇಲೆ ಲಾಗಿನ್‌ನಂಥ ಸಣ್ಣ ವ್ಯವಹಾರ ನಡೆದು ಮೊದಲ ದೊಡ್ಡ ಓದಿಗೆ ಎಲ್ಲ ನಿಲ್ಲುತ್ತದೆ. ಗಿಗಾಬಿಟ್ ಜಾಲದ ಸೈದ್ಧಾಂತಿಕ ಮಿತಿಯೇ ಸೆಕೆಂಡಿಗೆ 125 ಎಂಬಿ ಆಗಿರುವುದರಿಂದ, ಹಲವು ಸರ್ವರ್‌ಗಳು ಒಂದೇ ಸ್ಟೋರೇಜ್ ಹಂಚಿಕೊಳ್ಳುವಲ್ಲಿ ಸ್ಟೋರೇಜ್ ಬದಿಗಾದರೂ 10 ಗಿಗಾಬಿಟ್ ಬೇಕು.

ಭದ್ರತೆಯಲ್ಲಿ ಐಪಿಎಕ್ಸ್‌ಇಗೆ ಪೂರ್ಣ ಅಂಕ ಕೊಡಲಾರೆ. ಪಾಸ್‌ವರ್ಡ್ ಆಧಾರಿತ ಚಾಪ್ ದೃಢೀಕರಣವನ್ನು ಅದು ಎರಡೂ ದಿಕ್ಕಿನಲ್ಲಿ ಬಲ್ಲದು. ಆದರೆ ಆ ಪಾಸ್‌ವರ್ಡ್ ಎಲ್ಲಿಂದಲಾದರೂ ಅದಕ್ಕೆ ಬರಬೇಕು, ಸಾಮಾನ್ಯವಾಗಿ ಅದು ಬರುವುದು ಎಚ್‌ಟಿಟಿಪಿಯಲ್ಲಿ ಬಯಲಾಗಿ ಹರಿಯುವ ಸ್ಕ್ರಿಪ್ಟ್‌ನಲ್ಲಿ. ಐಬಿಎಫ್‌ಟಿಯೊಳಗೂ ಅದು ಮರೆಯಿಲ್ಲದೆ ಕೂರುತ್ತದೆ. ಚಾಪ್ ಕಾಯುವುದು ಪ್ರವೇಶವನ್ನು ಮಾತ್ರ, ಡಿಸ್ಕ್‌ನ ದತ್ತಾಂಶ ಜಾಲದಲ್ಲಿ ಗೂಢಲಿಪಿಯಿಲ್ಲದೆ ಹರಿಯುತ್ತದೆ. ಎಚ್‌ಟಿಟಿಪಿಎಸ್ ಸೇರಿಸಿ, ನಮ್ಮದೇ ಪ್ರಮಾಣಪತ್ರವನ್ನಷ್ಟೇ ನಂಬುವಂತೆ ಐಪಿಎಕ್ಸ್‌ಇಯನ್ನು ಕಟ್ಟಿಕೊಳ್ಳಲು ಸಾಧ್ಯವಿದೆ, ಮಾಡಲೇಬೇಕು. ಅದರ ಜೊತೆಗೆ ಸ್ಟೋರೇಜ್ ವ್ಯವಹಾರಕ್ಕೆ ಬೇರೆಯೇ ವಿಲ್ಯಾನ್ (ಸ್ವಿಚ್‌ನಲ್ಲಿ ಪ್ರತ್ಯೇಕಿಸಿದ ಜಾಲ) ಇಡುವುದಕ್ಕೆ ಪರ್ಯಾಯವಿಲ್ಲ. ಸಹಿಯಿರುವ ತಂತ್ರಾಂಶವನ್ನಷ್ಟೇ ಓಡಗೊಡುವ ಸೆಕ್ಯೂರ್ ಬೂಟ್ ಇನ್ನೊಂದು ಅಡ್ಡಿ: ನಾವೇ ಕಟ್ಟಿದ ಕಡತಕ್ಕೆ ಫರ್ಮ್‌ವೇರ್ ನಂಬುವ ಸಹಿ ಇರುವುದಿಲ್ಲವಾದ್ದರಿಂದ, ನಮ್ಮ ಕೀಲಿಗಳನ್ನು ಪ್ರತಿ ಯಂತ್ರದಲ್ಲೂ ನೋಂದಾಯಿಸಿ ಸಹಿ ಹಾಕಬೇಕು, ಇಲ್ಲವೇ ಸೆಕ್ಯೂರ್ ಬೂಟನ್ನು ನಿಷ್ಕ್ರಿಯಗೊಳಿಸಬೇಕು. ಅದು ಕಡ್ಡಾಯವಾಗಿರುವ ಕಡೆ ಈ ಕೆಲಸದ ಭಾರವನ್ನು ಮೊದಲೇ ಅಳೆದುಕೊಳ್ಳುವುದು ಲೇಸು.

ದಾಖಲೆಗಳ ಬಗ್ಗೆಯೂ ಒಂದು ದೂರು. ಪ್ರತಿ ಆದೇಶದ ಪುಟ ನಿಖರವಾಗಿದೆ, ಆದರೆ ಒಂದು ಆದೇಶದಿಂದ ಇನ್ನೊಂದಕ್ಕೆ ಏಕೆ ಹೋಗಬೇಕೆಂಬ ದಾರಿ ಹೊಸಬರಿಗೆ ಅಲ್ಲಿ ಸಿಗುವುದಿಲ್ಲ. ಬೇಕಾದ ಸೌಲಭ್ಯ ಸೇರಿಸಲು ಸೋರ್ಸ್ ತಂದು, ಸಂಯೋಜನಾ ಕಡತ ತಿದ್ದಿ, ಮೇಕ್ ಓಡಿಸಬೇಕಾದ ಪದ್ಧತಿ ಲಿನಕ್ಸ್ ಬಲ್ಲವರಿಗೆ ಸುಲಭ, ಉಳಿದವರಿಗೆ ಮೊದಲ ಗೋಡೆ. ಕಟ್ಟಿದ ಪ್ರತಿಯೊಂದು ಕಡತದ ಪಕ್ಕದಲ್ಲಿ ಗಿಟ್‌ನ ಯಾವ ಕಮಿಟ್‌ನಿಂದ, ಯಾವ ಆಯ್ಕೆಗಳೊಂದಿಗೆ ಕಟ್ಟಿದ್ದೆಂದು ಬರೆದಿಡುವ ಅಭ್ಯಾಸ ಇದ್ದರೆ ಮುಂದೆ ಪರದಾಟ ಇರುವುದಿಲ್ಲ.

ಪರ್ಯಾಯಗಳಲ್ಲಿ, ಡಿಸ್ಕ್ ಬದಲು ಕಡತಗಳನ್ನೇ ನೆಟ್‌ವರ್ಕ್‌ನಲ್ಲಿ ಹಂಚುವ ಎನ್‌ಎಫ್‌ಎಸ್ ರೂಟ್ ಸರಳ, ಹಲವು ಯಂತ್ರಗಳು ಒಂದೇ ಕಡತ ವ್ಯವಸ್ಥೆಯನ್ನು ಓದಲು ಮಾತ್ರವಾಗಿ ಹಂಚಿಕೊಳ್ಳುವಲ್ಲಿ ಅದೇ ಸೂಕ್ತ. ಪ್ರತಿ ಸರ್ವರ್‌ಗೂ ತನ್ನದೇ ಡಿಸ್ಕ್ ಬೇಕಾದಾಗ ಐಸ್ಕಸಿ ಮೇಲು. ಎರಡೇ ಸರ್ವರ್‌ಗಳಿರುವವರಿಗೆ ಒಳಗೊಂದು ಚಿಕ್ಕ ಎಸ್‌ಎಸ್‌ಡಿ ಇಟ್ಟು ದತ್ತಾಂಶವನ್ನು ಮಾತ್ರ ಸ್ಟೋರೇಜ್‌ಗೆ ಕಳಿಸುವಂತೆ ನಾನು ಹೇಳುತ್ತೇನೆ. ಒಂದು ಸಾಲು ಸರ್ವರ್‌ಗಳಿದ್ದು, ಅವುಗಳನ್ನು ಆಗಾಗ ಬದಲಿಸುವ, ಮರಳಿ ಸ್ಥಾಪಿಸುವ ಕೆಲಸವಿರುವವರಿಗೆ ಐಪಿಎಕ್ಸ್‌ಇ ಸಾರ್ಥಕ.

ಫರ್ಮ್‌ವೇರ್‌ನ ಸ್ವಂತ ಮೆನು ಕೆಲಸ ಮಾಡುತ್ತಿರುವಾಗಲೂ ನಾನು ಐಪಿಎಕ್ಸ್‌ಇಯನ್ನೇ ಆರಿಸುವುದಕ್ಕೆ ಇನ್ನೊಂದು ಕಾರಣ, ವಿದ್ಯುತ್ ಹೋಗಿ ಬಂದಾಗಿನ ನಡವಳಿಕೆ. ಎಲ್ಲ ಯಂತ್ರಗಳೂ ಒಟ್ಟಿಗೆ ಏಳುತ್ತವೆ. ಸರ್ವರ್ ಸಿದ್ಧವಾದ ಮೇಲೂ ಸ್ಟೋರೇಜ್ ತನ್ನ ಡಿಸ್ಕ್‌ಗಳನ್ನು ಪರೀಕ್ಷಿಸುತ್ತಲೇ ಇರುತ್ತದೆ. ನಾನು ಬಳಸಿದ ಆ ಸರ್ವರ್‌ನ ಮೆನು ಕೆಲವು ಸಲ ಪ್ರಯತ್ನಿಸಿ, ಸೋತು, ಯಾರಾದರೂ ಬಂದು ಕೀಲಿ ಒತ್ತಲೆಂದು ನಿಂತುಬಿಡುತ್ತಿತ್ತು. ಐಪಿಎಕ್ಸ್‌ಇಯ ಸ್ಕ್ರಿಪ್ಟ್‌ನಲ್ಲಿ ಸ್ಯಾನ್‌ಬೂಟ್ ಸೋತರೆ ಹತ್ತು ಸೆಕೆಂಡ್ ಸ್ಲೀಪ್ ಹಾಕಿ, ಗೋಟುವಿನಿಂದ ಡಿಎಚ್‌ಸಿಪಿ ಹಂತಕ್ಕೇ ಮರಳುವಂತೆ ಬರೆದರೆ, ಸ್ಟೋರೇಜ್ ಅರ್ಧ ಗಂಟೆ ತಡವಾಗಿ ಎದ್ದರೂ ಸರ್ವರ್ ಯಾರ ಕೈಯೂ ತಾಗದೆ ಬೂಟ್ ಆಗುತ್ತದೆ. ಮರಳುವುದು ಡಿಎಚ್‌ಸಿಪಿ ಹಂತಕ್ಕೇ ಆಗಿರಬೇಕು, ಬರಿಯ ಸ್ಯಾನ್‌ಬೂಟ್ ಸಾಲಿಗಲ್ಲ; ಮೊದಲ ಸುತ್ತಿನಲ್ಲಿ ವಿಳಾಸವೇ ಸಿಕ್ಕಿರದಿದ್ದರೆ ಸ್ಯಾನ್‌ಬೂಟನ್ನು ಎಷ್ಟು ಸಲ ಓಡಿಸಿದರೂ ಫಲವಿಲ್ಲ.